ಡಿಸ್ಟ್ರೋ ಆಮೇಲೆ, ಮೊದಲು ಲ್ಯಾಪ್‌ಟಾಪಿನ ವಯಸ್ಸು ಹೇಳಿ

ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳೋಣ ಅಂತ ಹೊರಟವರು ಕೇಳುವ ಮೊದಲ ಪ್ರಶ್ನೆ, ಯಾವ ಡಿಸ್ಟ್ರೋ, ಅಂದರೆ ಲಿನಕ್ಸಿನ ಯಾವ ಬಗೆ ಒಳ್ಳೆಯದು ಅಂತ. ಒಬ್ಬರು ಉಬುಂಟು ಅನ್ನುತ್ತಾರೆ, ಇನ್ನೊಬ್ಬರು ಮಿಂಟ್ ಅನ್ನುತ್ತಾರೆ, ಆರ್ಚ್ ಬಳಸುವವರಂತೂ ಕೇಳದೆಯೇ ಹೇಳುತ್ತಾರೆ. ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಲ್ಯಾಪ್‌ಟಾಪ್ ಯಾವ ವರ್ಷದ್ದು?

ವಯಸ್ಸು ಯಾಕೆ ಬೇಕು ಅಂದರೆ, ಲಿನಕ್ಸ್ ಅನ್ನುವ ಹೆಸರು ನಿಜವಾಗಿ ಸೇರುವುದು ಕರ್ನಲ್‌ಗೆ ಮಾತ್ರ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಬರೆದು ಹಂಚಿದ್ದು ಅದನ್ನೇ. ಪ್ರೊಸೆಸರ್, ಮೆಮೊರಿ, ವೈಫೈ ಚಿಪ್, ಟಚ್‌ಪ್ಯಾಡ್ ಇವೆಲ್ಲದರ ಜೊತೆ ನೇರವಾಗಿ ಮಾತಾಡುವುದು ಕರ್ನಲ್. ಅದರ ಸುತ್ತ ಬೇಕಾದ ಉಳಿದ ಸಾಫ್ಟ್‌ವೇರ್ ಎಲ್ಲ ಸೇರಿಸಿ, ಒಂದಕ್ಕೊಂದು ಹೊಂದಿಸಿ ಕಟ್ಟಿಕೊಟ್ಟ ಗಂಟು ಡಿಸ್ಟ್ರೋ.

ಒಂದೊಂದು ಚಿಪ್ಪನ್ನೂ ನಡೆಸಲು ಬೇಕಾದ ಪುಟ್ಟ ಸಾಫ್ಟ್‌ವೇರ್‌ಗೆ ಡ್ರೈವರ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಡ್ರೈವರ್‌ಗಳನ್ನು ಸಾಮಾನ್ಯವಾಗಿ ಚಿಪ್ ಮಾಡಿದ ಕಂಪನಿ ಬೇರೆಯಾಗಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ ಜೊತೆಯಲ್ಲೇ ಬರುತ್ತವೆ. ಹೊಸ ಚಿಪ್ ಬಂದರೆ ಅದರ ಡ್ರೈವರ್ ಮುಂದಿನ ಯಾವುದೋ ಕರ್ನಲ್‌ಗೆ ಸೇರುತ್ತದೆ. ಹೊಸ ಕರ್ನಲ್ ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಆದರೆ ಅದು ನಿಮ್ಮ ಲ್ಯಾಪ್‌ಟಾಪಿಗೆ ಯಾವಾಗ ಮುಟ್ಟುತ್ತದೆ ಅನ್ನುವುದು ಡಿಸ್ಟ್ರೋ ಕೈಯಲ್ಲಿದೆ. ಡಿಸ್ಟ್ರೋಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ವಾಲ್‌ಪೇಪರ್, ಐಕಾನ್ ಎಲ್ಲ ಆಮೇಲಿನ ಮಾತು.

ಡೆಬಿಯನ್‌ನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಮೇಲೆ ಅದೇ ಕರ್ನಲ್ ಸರಣಿ ಇಟ್ಟುಕೊಂಡು ದೋಷಗಳನ್ನಷ್ಟೇ ತಿದ್ದುತ್ತಾರೆ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ, ನಡುವೆಯೂ ಹೊಸ ಕರ್ನಲ್ ಕೊಡುತ್ತಿರುತ್ತದೆ. ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್‌ಗಳಿಗೆ ಆವೃತ್ತಿಯ ಲೆಕ್ಕವೇ ಇಲ್ಲ, ಹೊಸದು ಸಿದ್ಧವಾದಂತೆ ಹರಿದು ಬರುತ್ತಲೇ ಇರುತ್ತದೆ. ಉಬುಂಟು ನಡುವಿನ ದಾರಿ ಹಿಡಿದಿದೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲದ) ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ, ಹೊಸ ಯಂತ್ರಗಳಿಗಾಗಿ ನಡುನಡುವೆ ಹೊಸ ಕರ್ನಲ್ ಕೂಡ ಬರುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಆಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿಗೆ, ಸ್ಥಿರವಾಗಿದ್ದರೆ ಸಾಕಪ್ಪಾ ಅಂತ ಹಳೆಯ ಕರ್ನಲ್‌ನ ಡಿಸ್ಟ್ರೋ ಹಾಕಿದೆ. ವೈಫೈ ಇಲ್ಲವೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಸಾಲು ಕೂಡ ಕಾಣಲಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಇಂಟರ್ನೆಟ್ ತಂದು, ಅರ್ಧ ರಾತ್ರಿ ಒದ್ದಾಡಿ, ಕೊನೆಗೆ ಹೊಸ ಕರ್ನಲ್ ಹಾಕಿದ ಮೇಲೆ ಎಲ್ಲ ಸರಿಹೋಯಿತು. ತಪ್ಪು ಲ್ಯಾಪ್‌ಟಾಪಿನದೂ ಅಲ್ಲ, ಡಿಸ್ಟ್ರೋದ್ದೂ ಅಲ್ಲ. ಆ ಕರ್ನಲ್ ಸಿದ್ಧವಾದಾಗ ಆ ಚಿಪ್‌ನ ಡ್ರೈವರ್ ಅದಕ್ಕೆ ಸೇರಿಯೇ ಇರಲಿಲ್ಲ, ಅಷ್ಟೇ.

ಹಾಗಾಗಿ ಲ್ಯಾಪ್‌ಟಾಪ್ ಒಂದು ವರ್ಷದೊಳಗಿನದಾದರೆ ಫೆಡೋರಾ ಅಥವಾ ಉಬುಂಟುವಿನ ತೀರಾ ಈಚಿನ ಆವೃತ್ತಿ ನೋಡಿ. ನಾಲ್ಕೈದು ವರ್ಷ ಅಥವಾ ಅದಕ್ಕಿಂತ ಹಳೆಯದಾದರೆ ಈ ಚಿಂತೆಯೇ ಬೇಡ, ಡೆಬಿಯನ್, ಮಿಂಟ್ ಯಾವುದಾದರೂ ಸರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಒಲ್ಲೆ ಅಂದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಈ ಸಾಲಿನವೇ. ಆರ್ಚ್ ಕೆಟ್ಟದ್ದಲ್ಲ. ಆದರೆ ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಬಿಡುವ ನನ್ನಂಥ ಸೋಮಾರಿಗಳಿಗೆ ಅದು ಹೇಳಿಸಿದ್ದಲ್ಲ.

ಇನ್ನು ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಮೆನು, ಕಿಟಕಿ, ಟಾಸ್ಕ್‌ಬಾರ್‌ಗಳ ವ್ಯವಸ್ಥೆ. ಡಿಸ್ಟ್ರೋ ಹೆಸರು ಮರೆತರೂ ದಿನಾ ಕಣ್ಣಿಗೆ ಬೀಳುವುದು, ಕೈಗೆ ಸಿಗುವುದು ಇದೇ. ಇಷ್ಟೊಂದು ಯಾಕಿವೆ ಅಂದರೆ ಬಹುಮಟ್ಟಿಗೆ ಜಗಳಗಳಿಂದ. 1996ರಲ್ಲಿ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಶುರುವಾಯಿತು. ಅದು ನೆಚ್ಚಿಕೊಂಡಿದ್ದ ಕ್ಯೂಟಿ ಅನ್ನುವ ಲೈಬ್ರರಿಯ (ಸಿದ್ಧ ಕೋಡ್‌ನ ಗಂಟಿನ) ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಇದು ನಮಗೆ ಒಪ್ಪಿಗೆಯಿಲ್ಲ ಅಂದವರು 1997ರಲ್ಲಿ ಗ್ನೋಮ್ ಶುರು ಮಾಡಿದರು. 2011ರಲ್ಲಿ ಗ್ನೋಮ್ 3 ಬಂದು ಹಳೆಯ ಮೆನು, ಟಾಸ್ಕ್‌ಬಾರ್ ಎಲ್ಲ ತೆಗೆದುಹಾಕಿತು. ಸಿಟ್ಟಾದವರಲ್ಲಿ ಕೆಲವರು ಹಳೆಯದನ್ನೇ ಮಾಟೆ ಅಂತ ಮುಂದುವರಿಸಿದರು, ಮಿಂಟ್‌ನವರು ಸಿನಮನ್ ಕಟ್ಟಿಕೊಂಡರು. ಜಗಳ ಅವರದು, ಲಾಭ ನಮ್ಮದು!

ಹಗುರವಾದದ್ದು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಅನ್ನುವ ಡೆಸ್ಕ್‌ಟಾಪ್‌ಗಳು ಹಗುರ, ನಿಜ. ಗ್ನೋಮ್‌ಗೆ ಹೋಲಿಸಿದರೆ ಸುಮ್ನೆ ಇದ್ದಾಗ ಕೆಲವು ನೂರು ಎಂಬಿ ರ್‍ಯಾಮ್ ಉಳಿಸಬಹುದು. ಆದರೆ ಬ್ರೌಸರ್ ತೆರೆದು ನಾಲ್ಕು ಭಾರದ ಟ್ಯಾಬ್ ಹಾಕಿದರೆ ಉಳಿಸಿದ್ದೆಲ್ಲ ಅಲ್ಲೇ ಮುಗಿಯುತ್ತದೆ. 4 ಜಿಬಿ ಯಂತ್ರದಲ್ಲಿ ಆ ಉಳಿತಾಯಕ್ಕೆ ಬೆಲೆಯಿದೆ. 8 ಜಿಬಿ ಇದ್ದರೆ ಈ ಲೆಕ್ಕ ಬಿಟ್ಟು ಇಷ್ಟವಾದದ್ದು ಹಾಕಿ. ಹಳೆಯ ಲ್ಯಾಪ್‌ಟಾಪ್ ನಿಜಕ್ಕೂ ಚುರುಕಾಗಬೇಕಾದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ಅದರಷ್ಟು ಗುಣ ಯಾವ ಡೆಸ್ಕ್‌ಟಾಪ್ ಬದಲಾವಣೆಯಿಂದಲೂ ಸಿಗುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪಿನ ತೂಕಕ್ಕಿಂತ ಜಾಸ್ತಿ ಕಾಡುವುದು ಪರದೆ. ಪರದೆ ಚಿಕ್ಕದು, ಪಿಕ್ಸೆಲ್ ಬಹಳ, ಹಾಗಾಗಿ ಅಕ್ಷರ ಇರುವೆಯಷ್ಟು. ಅದನ್ನು ಒಂದೂವರೆ ಪಟ್ಟು ದೊಡ್ಡದು ಮಾಡಬೇಕು. ಪಕ್ಕದಲ್ಲಿ ಸಾಧಾರಣ ಮಾನಿಟರ್ ಸಿಕ್ಕಿಸಿದರೆ ಅದಕ್ಕೆ ಹಿಗ್ಗಿಸುವುದು ಬೇಕಿಲ್ಲ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ, 1987ರಿಂದ ಇರುವ ಎಕ್ಸ್11 ವ್ಯವಸ್ಥೆಗೆ ಇದು ಕಷ್ಟ. ಅದು ಎಲ್ಲ ಪರದೆಗಳನ್ನು ಸೇರಿಸಿ ಒಂದೇ ದೊಡ್ಡ ಹಾಳೆ ಅಂತ ನೋಡುತ್ತದೆ. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಒಂದೊಂದು ಪರದೆಗೂ ಬೇರೆ ಬೇರೆ ಅಳತೆ ಇಡಬಹುದು. ಕಿಟಕಿಯನ್ನು ಈ ಪರದೆಯಿಂದ ಆ ಪರದೆಗೆ ಎಳೆದರೆ ಅಲ್ಲಿನ ಅಳತೆಗೆ ತಾನೇ ಹೊಂದಿಕೊಳ್ಳುತ್ತದೆ. ಇದರಲ್ಲಿ ಮುಂದಿರುವವು ಗ್ನೋಮ್ ಮತ್ತು ಕೆಡಿಇಯ ಪ್ಲಾಸ್ಮಾ. ಎಕ್ಸ್‌ಎಫ್‌ಸಿಇ 2024ರ ಕೊನೆಗೆ ಪ್ರಯೋಗದ ಮಟ್ಟದಲ್ಲಿ ವೇಲ್ಯಾಂಡ್‌ಗೆ ಕಾಲಿಟ್ಟಿದೆ ಅಷ್ಟೆ.

ಟಚ್‌ಪ್ಯಾಡ್ ವಿಷಯದಲ್ಲೂ ಹಾಗೇ. ಗ್ನೋಮ್‌ನಲ್ಲಿ ಮೂರು ಬೆರಳು ಸರಿಸಿದರೆ ಪರದೆ ಬೆರಳಿನ ಜೊತೆಗೇ ಸರಿಯುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಇದು ರೂಢಿಯಾದರೆ ಟಾಸ್ಕ್‌ಬಾರ್ ಇಲ್ಲ ಅನ್ನುವ ದೂರು ಮರೆತೇಹೋಗುತ್ತದೆ. ವಿಂಡೋಸ್ ಥರವೇ ಇರಲಿ ಅನ್ನುವವರಿಗೆ ಸಿನಮನ್, ಪ್ರತಿಯೊಂದನ್ನೂ ತಿರುಚಿ ನೋಡುವ ಚಪಲ ಇದ್ದವರಿಗೆ ಪ್ಲಾಸ್ಮಾ. ಒಂದೇ ಇನ್‌ಸ್ಟಾಲ್‌ನಲ್ಲಿ ಎರಡು ಡೆಸ್ಕ್‌ಟಾಪ್ ಮಾತ್ರ ಹಾಕಬೇಡಿ. ಎರಡು ಫೈಲ್ ಮ್ಯಾನೇಜರ್, ಎರಡು ಸೆಟ್ಟಿಂಗ್ಸ್ ಬಂದು ಮೆನುವೆಲ್ಲ ಕಲಸುಮೇಲೋಗರ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಬೂಟ್ ಮಾಡಿ ನೋಡಿ. ನೀವಾಗಿ ಹೇಳದೆ ಡಿಸ್ಕ್‌ನಲ್ಲಿ ಏನನ್ನೂ ಅಳಿಸುವುದಿಲ್ಲ. ಪೆನ್‌ಡ್ರೈವ್ ನಿಧಾನ, ಹಾಗಾಗಿ ವೇಗ ನೋಡಿ ತೀರ್ಪು ಕೊಡಬೇಡಿ. ವೈಫೈ, ಸ್ಪೀಕರ್, ಕ್ಯಾಮೆರಾ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀ ಇವನ್ನು ನೋಡಿ. ಆಮೇಲೆ ಮುಚ್ಚಳ ಮುಚ್ಚಿ. ಹಳೆಯ ಲ್ಯಾಪ್‌ಟಾಪ್‌ಗಳು ನಿದ್ದೆಗೆ ಹೋದಾಗ ಮೆಮೊರಿ ಬಿಟ್ಟು ಹೆಚ್ಚುಕಡಿಮೆ ಎಲ್ಲದಕ್ಕೂ ಕರೆಂಟ್ ನಿಲ್ಲುತ್ತಿತ್ತು. ಹೊಸ ಎಷ್ಟೋ ಮಾಡೆಲ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ, ಕರ್ನಲ್ ಒಂದೊಂದು ಚಿಪ್ಪನ್ನೂ ತಾನೇ ಮಲಗಿಸಬೇಕು. ಒಂದು ಎಚ್ಚರವಾಗಿ ಉಳಿದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಬಹುದು. ಚಾರ್ಜರ್ ಕಿತ್ತು, ಶೇಕಡಾ ಎಷ್ಟಿದೆ ಅಂತ ಬರೆದಿಟ್ಟುಕೊಂಡು, ಒಂದೆರಡು ಗಂಟೆ ಮುಚ್ಚಿಯೇ ಇಡಿ. ತೆರೆದಾಗ ಪರದೆ ಬೆಳಗಿ, ವೈಫೈ ತಾನಾಗಿ ಸೇರಿಕೊಂಡು, ಬ್ಯಾಟರಿ ಒಂದೆರಡು ಅಂಕಿಯಷ್ಟೇ ಇಳಿದಿದ್ದರೆ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟು ಇನ್‌ಸ್ಟಾಲ್ ಒತ್ತಿ.