ಗಾದೆ: ಹೆಸರಿನ ಮೂಲ, ಮಾತಿನ ಮೂಲ

ಪುಣೆಯ ಕನ್ನಡ ಮನೆಗಳಲ್ಲಿ ಗಾದೆಯ ಜೊತೆಗೆ ಮರಾಠಿಯ ‘ಮ್ಹಣ್’ ಕೂಡ ದಿನಬಳಕೆಯಲ್ಲಿದೆ. ‘ಮ್ಹಣಣೆ’ ಎಂದರೆ ಅನ್ನುವುದು. ಜನ ಅನ್ನುವ ಮಾತೇ ಮ್ಹಣ್. ಗಾದೆ ಎಂಬುದು ಸಂಸ್ಕೃತದ ‘ಗಾಥಾ’ ಶಬ್ದದ ತದ್ಭವವಾಗಿದ್ದು, ಮೂಲದಲ್ಲಿ ಹಾಡುವ ಪದ್ಯಕ್ಕೆ ಸಲ್ಲುವ ಹೆಸರು. ಪುಣೆಯ ಸಮೀಪದ ದೇಹುವಿನ ಸಂತ ತುಕಾರಾಮರ ಅಭಂಗಗಳ ಸಂಗ್ರಹಕ್ಕೆ ಇಂದಿಗೂ ‘ಗಾಥಾ’ ಎಂದೇ ಹೆಸರು. ಕನ್ನಡದಲ್ಲಿ ಅದೇ ಶಬ್ದ ಒಂದು ಸಾಲಿನ ಲೋಕಾನುಭವಕ್ಕೆ ಅಂಟಿಕೊಂಡರೂ ಪದ್ಯದ ನಂಟನ್ನು ಪೂರ್ತಿ ಕಳೆದುಕೊಳ್ಳಲಿಲ್ಲ.

‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದನ್ನೇ ನೋಡಬಹುದು. ಮರಾಠಿಯವರು ‘ಥೇಂಬೇ ಥೇಂಬೇ ತಳೇ ಸಾಚೇ’ ಎಂದು, ಅಂದರೆ ಹನಿಹನಿಯಾಗಿ ಕೆರೆ ತುಂಬುತ್ತದೆ ಎಂದು, ನೀರಿನ ಮಾತಿಗೇ ನಿಲ್ಲಿಸುತ್ತಾರೆ. ಕನ್ನಡದ ಗಾದೆ ಅಲ್ಲಿಂದ ಹೊಲಕ್ಕೂ ಹೋಗುತ್ತದೆ. ಬಳ್ಳವೆಂದರೆ ಧಾನ್ಯ ಅಳೆಯುವ ಹಳೆಯ ಮಾಪು. ಕೊಯ್ಲಾದ ಹೊಲದಲ್ಲಿ ಬಿದ್ದುಳಿದ ತೆನೆಗಳನ್ನು ಬಾಗಿ ಬಾಗಿ ಆಯುವ ‘ಹಕ್ಕಲು’ ಎಂಬ ಕೆಲಸವನ್ನು ಕಂಡವರಿಗೆ, ಆ ಬಳ್ಳ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಬೇಕಾಗಿಲ್ಲ. 1956ರ ಅಳತೆ ಮತ್ತು ತೂಕಗಳ ಕಾಯ್ದೆಯ ತರುವಾಯ ಕಿಲೋ, ಲೀಟರುಗಳು ಬಂದು ಬಳ್ಳ ಪೇಟೆಯಿಂದ ಮರೆಯಾಯಿತು. ಕಿಲೋ ಲೆಕ್ಕದಲ್ಲೇ ಅಕ್ಕಿ ಕೊಳ್ಳುವ ಪುಣೆಯ ಕನ್ನಡ ಮಕ್ಕಳ ಬಾಯಲ್ಲಿ ಅದು ಉಳಿದಿರುವುದು ಈ ಗಾದೆಯ ದೆಸೆಯಿಂದ.

ಇಷ್ಟರಿಂದಲೇ ಗಾದೆಯ ವಸ್ತುವೆಲ್ಲ ನೆಲದಿಂದ ಎದ್ದದ್ದು ಎಂದು ತೀರ್ಮಾನಿಸುವುದು ಆತುರವಾದೀತು. ಹಳ್ಳಕ್ಕೆ ಬಳ್ಳ ಪ್ರಾಸವಾಗಿ ಒದಗದಿದ್ದರೆ ಆ ಎರಡನೆಯ ಅರ್ಧ ಹುಟ್ಟುತ್ತಿತ್ತೇ ಎಂಬುದು ನನ್ನ ಅನುಮಾನ. ಕತ್ತೆಯ ಗಾದೆ ಈ ಅನುಮಾನವನ್ನು ಇನ್ನಷ್ಟು ಬಲಪಡಿಸುತ್ತದೆ. ಮರಾಠಿಯಲ್ಲಿ ‘ಗಾಢವಾಲಾ ಗುಳಾಚೀ ಚವ್ ಕಾಯ್’, ಅಂದರೆ ಕತ್ತೆಗೆ ಬೆಲ್ಲದ ರುಚಿ ಏನು ಗೊತ್ತು ಎಂದರೆ, ನಾವು ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎನ್ನುತ್ತೇವೆ. ಕೊಲ್ಹಾಪುರದ ಕಬ್ಬಿನ ಸೀಮೆಯನ್ನು ಬಲ್ಲವರಿಗೆ ಬೆಲ್ಲ ಬಂದದ್ದು ಸಹಜವೆನಿಸಬಹುದು. ಆದರೆ ಬೆಲ್ಲ ಕನ್ನಡ ನಾಡಿಗೇನೂ ಅಪರೂಪದ್ದಲ್ಲ, ಮಂಡ್ಯದ ಆಲೆಮನೆಗಳು ಹೆಸರುವಾಸಿ. ಕಸ್ತೂರಿ ಮೃಗವಾದರೋ ಹಿಮಾಲಯದ ಎತ್ತರದ ಕಾಡುಗಳದು. ಮನೆಯ ಬೆಲ್ಲವನ್ನು ಬಿಟ್ಟು ಅಷ್ಟು ದೂರದ ಕಸ್ತೂರಿಯನ್ನು ಗಾದೆಗೆ ಎಳೆದು ತಂದದ್ದು ಕತ್ತೆಯ ಕಕಾರವೇ ಇರಬೇಕು; ಮರಾಠಿಯ ‘ಗಾಢವ’ಕ್ಕೆ ‘ಗೂಳ’ ಜೊತೆಯಾದಂತೆಯೇ.