ಮೂಗು ಕಟ್ಟಿದಾಗ ಉಪ್ಪುನೀರು ಏನು ಮಾಡುತ್ತದೆ?

ಹತ್ತಿ ಸುಗ್ಗಿ ಶುರುವಾದರೆ ರಾಯಚೂರಿನ ಮಾರುಕಟ್ಟೆಯ ಗಾಳಿಯಲ್ಲೆಲ್ಲ ಹತ್ತಿ ಎಳೆ. ಜಿನ್ನಿಂಗ್ ಮಿಲ್‌ನಲ್ಲೋ ರೈಸ್ ಮಿಲ್‌ನಲ್ಲೋ ದುಡಿದವರಿಗೆ ಸಂಜೆ ಹೊತ್ತಿಗೆ ಮೂಗು ಕಟ್ಟಿರುತ್ತದೆ. ಅದರ ಮೇಲೆ ಚಳಿಗಾಲದ ನೆಗಡಿ ಬೇರೆ. ಮೆಡಿಕಲ್ ಶಾಪಿಗೆ ಹೋಗಿ ‘ಮೂಗಿಗೆ ಹಾಕೋದು ಕೊಡ್ರಿ’ ಎಂದರೆ ಎರಡರಲ್ಲಿ ಒಂದು ಕೈಗೆ ಬರುತ್ತದೆ: ಬರೀ ಉಪ್ಪುನೀರಿನ ಸ್ಪ್ರೇ, ಇಲ್ಲವೇ ಔಷಧಿಯ ಡ್ರಾಪ್ಸ್. ಎರಡೂ ಒಂದೇ ಅಲ್ಲ.

ಮೂಗು ಕಟ್ಟಿದೆ ಅಂದರೆ ಸಿಂಬಳ ತುಂಬಿದೆ ಅಂತ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ಮೂಗಿನ ಒಳಪೊರೆಯ ರಕ್ತನಾಳಗಳು ಹಿಗ್ಗುತ್ತವೆ, ಪೊರೆ ಊದಿಕೊಂಡು ದಾರಿ ಮುಚ್ಚುತ್ತದೆ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವ ಡ್ರಾಪ್ಸ್ ಆ ರಕ್ತನಾಳಗಳನ್ನೇ ಕುಗ್ಗಿಸುತ್ತವೆ. ಕೆಲವೇ ನಿಮಿಷದಲ್ಲಿ ಉಸಿರು ಸರಾಗ. ಆದರೆ 3ರಿಂದ 5 ದಿನ ದಾಟಿಸಿ ಹಾಕುತ್ತಲೇ ಹೋದರೆ, ಔಷಧಿಯ ಪ್ರಭಾವ ಇಳಿದಾಗಲೆಲ್ಲ ಪೊರೆ ಮತ್ತೆ ಊದಿಕೊಳ್ಳುತ್ತದೆ. ಆಮೇಲೆ ಡ್ರಾಪ್ಸ್ ಇಲ್ಲದೆ ನಿದ್ದೆಯೇ ಬಾರದ ಸ್ಥಿತಿ.

ಉಪ್ಪುನೀರಿಗೆ ಈ ಕಾಟವಿಲ್ಲ. ಅದು ಮಾಡುವ ಕೆಲಸವೇ ಬೇರೆ. ಮೂಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ತೂಗುವ ಭತ್ತದ ಪೈರಿನ ಹಾಗೆ ಅವು ಸೆಕೆಂಡಿಗೆ ಹತ್ತಾರು ಸಲ ಬಾಗಿ ಏಳುತ್ತಾ, ದೂಳು ಅಂಟಿದ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತವೆ. ಲೋಳೆ ಒಣಗಿ ಗಟ್ಟಿಯಾದರೆ ಈ ಕೆಲಸ ನಿಧಾನವಾಗುತ್ತದೆ. ಉಪ್ಪುನೀರು ಅದನ್ನು ತೆಳ್ಳಗೆ ಮಾಡುತ್ತದೆ, ದೂಳನ್ನು ತೊಳೆಯುತ್ತದೆ.

ಸಾದಾ ನೀರು ಯಾಕೆ ಬೇಡ? ಈಜುವಾಗ ಮೂಗಿಗೆ ನೀರು ಹೋಗಿ ಉರಿದದ್ದು ನೆನಪಿದೆ ಅಲ್ವಾ? ಉಪ್ಪಿಲ್ಲದ ನೀರು ಪೊರೆಯ ಜೀವಕೋಶಗಳೊಳಗೆ ನುಗ್ಗುತ್ತದೆ, ಅದಕ್ಕೇ ಉರಿ. ನೂರಕ್ಕೆ 0.9ರಷ್ಟು ಉಪ್ಪಿದ್ದರೆ ಅದು ನಮ್ಮ ದೇಹದ ದ್ರವಕ್ಕೆ ಸರಿಸಮ, ಉರಿಯುವುದಿಲ್ಲ. ಉಪ್ಪು ಇನ್ನೂ ಜಾಸ್ತಿ ಇರುವ ಸ್ಪ್ರೇಗಳೂ ಇವೆ. ಅವು ಊದಿದ ಪೊರೆಯಿಂದ ಸ್ವಲ್ಪ ನೀರನ್ನು ಹೊರಗೆಳೆಯುತ್ತವೆ, ಕೊಂಚ ಚುರುಗುಟ್ಟುತ್ತವೆ.

ಮಕ್ಕಳ ವಿಷಯದಲ್ಲಿ 2024ರಲ್ಲಿ ಒಳ್ಳೆಯ ಸುದ್ದಿ ಬಂತು. ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ, ಮೂಗಿಗೆ ಉಪ್ಪುನೀರಿನ ಹನಿ ಹಾಕಿಸಿಕೊಂಡ ಮಕ್ಕಳ ನೆಗಡಿ ಸರಾಸರಿ 6 ದಿನಕ್ಕೆ ವಾಸಿಯಾಯಿತು. ಹಾಕಿಸಿಕೊಳ್ಳದ ಮಕ್ಕಳಿಗೆ 8 ದಿನ ಬೇಕಾಯಿತು. ಉಪ್ಪಿನಲ್ಲಿರುವ ಕ್ಲೋರೈಡ್ ಬಳಸಿ ಜೀವಕೋಶಗಳು ವೈರಸ್ಸನ್ನು ತಡೆಯುವ ವಸ್ತು ತಯಾರಿಸಿಕೊಳ್ಳುತ್ತವೆ ಎಂಬುದು ಆ ಸಂಶೋಧಕರ ವಿವರಣೆ. ಎಳೆಗೂಸು ಮೂಗು ಕಟ್ಟಿ ಹಾಲು ಬಿಡುತ್ತಿದ್ದರೆ, ಕುಡಿಸುವ ಮುಂಚೆ ಒಂದೆರಡು ಹನಿ ಸಾಕು.

ದೊಡ್ಡವರು ಸ್ಪ್ರೇ ಹೊಡೆಯುವಾಗ ತಲೆಯನ್ನು ಹಿಂದಕ್ಕೆ ಎತ್ತಬೇಡಿ, ತುಸು ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಆಯಾ ಬದಿಯ ಕಿವಿಯ ಕಡೆಗಿರಲಿ. ನಡುಗೋಡೆಗೆ ಹೊಡೆದರೆ ಅಲ್ಲಿ ಗಾಯವಾಗಿ ರಕ್ತ ಬರಬಹುದು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ಉಪ್ಪುನೀರನ್ನು ಮನೆಯಲ್ಲೇ ಮಾಡಿಕೊಳ್ಳುವವರು, ಜಲನೇತಿ (ಒಂದು ಹೊಳ್ಳೆಗೆ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹೊರಬಿಡುವ ಯೋಗಕ್ರಿಯೆ) ಮಾಡುವವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಅರ್ಧ ಲೀಟರ್ ನೀರಿಗೆ ಸುಮಾರು ಮುಕ್ಕಾಲು ಟೀ ಚಮಚ ಪುಡಿಉಪ್ಪು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಕುದಿಯಲಿ. ನಮ್ಮ ಕಡೆ ಮನೆಮನೆಗೂ ಕ್ಯಾನ್‌ನಲ್ಲಿ ಬರುವ ಫಿಲ್ಟರ್ ನೀರು ಕುಡಿಯಲು ಸರಿ, ಮೂಗಿಗಲ್ಲ. ನೇಗ್ಲೇರಿಯಾ ಎಂಬ ಅಮೀಬಾ ನೀರಿನ ಜೊತೆ ಹೊಟ್ಟೆಗೆ ಹೋದರೆ ಏನೂ ಮಾಡದು. ಮೂಗಿನಿಂದ ಹೋದರೆ ಮಿದುಳು ಸೇರುತ್ತದೆ. ತೀರಾ ಅಪರೂಪ, ಆದರೆ ಬಂದರೆ ಬದುಕುವವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೇ ತೀರಿಕೊಂಡರು.

ಮಿಲ್‌ನಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಕೆಲಸ ಬಿಟ್ಟ ಮೇಲೆ ಸ್ಪ್ರೇ ಹೊಡೆದರೆ ಮೂಗಿನ ದೂಳು ಹೋಗುತ್ತದೆ. ಆಗಲೇ ಶ್ವಾಸಕೋಶಕ್ಕೆ ಇಳಿದ ದೂಳಿಗೆ ಅದು ಮುಟ್ಟುವುದಿಲ್ಲ. ಅದಕ್ಕೆ ಕೆಲಸದ ಹೊತ್ತಿನಲ್ಲಿ ಮಾಸ್ಕ್ ಬೇಕೇ ಬೇಕು, ಅದನ್ನು ಕೊಡಬೇಕಾದದ್ದು ಮಿಲ್ ಮಾಲೀಕರು.