ವಕೀಲರ ಜಗುಲಿಯಿಂದ ವೈದ್ಯಕೀಯ ಸೀಟಿನವರೆಗೆ: ಉತ್ತರ ಕನ್ನಡದಲ್ಲಿ ಎರಡು ವೃತ್ತಿಗಳ ಮಾನ

2024ರ ಮೇ 14ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಸೇವೆಯಲ್ಲಿ ಲೋಪವಾಯಿತೆಂದು ಕಕ್ಷಿದಾರರು ವಕೀಲರ ಮೇಲೆ ಗ್ರಾಹಕರ ಆಯೋಗದಲ್ಲಿ ದೂರು ಹೂಡುವಂತಿಲ್ಲ ಎಂಬುದು ಅದರ ಸಾರ. ವೈದ್ಯರಿಗೆ ಈ ವಿನಾಯಿತಿ ಇಲ್ಲ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಇದೇ ನ್ಯಾಯಾಲಯ ಅವರನ್ನು ಕಾಯ್ದೆಯೊಳಗೆ ತಂದಿತ್ತು. ಆ ಹಳೆಯ ತೀರ್ಪನ್ನೂ ಮರುಪರಿಶೀಲಿಸಬೇಕೆಂದು ಮೇ ತಿಂಗಳ ಪೀಠ ಸೂಚಿಸಿತಾದರೂ ನವೆಂಬರಿನಲ್ಲಿ ದೊಡ್ಡ ಪೀಠ ಅದರ ಅಗತ್ಯವಿಲ್ಲ ಎಂದಿತು.

ತೀರ್ಪು ಬಂದ ಮೇಲೆ ಹಳೆಯ ಚರ್ಚೆಯೊಂದಕ್ಕೆ ಹೊಸ ಜೀವ ಬಂದಿದೆ. ಎರಡರಲ್ಲಿ ಯಾವ ವೃತ್ತಿ ದೊಡ್ಡದು? ಕಾರವಾರ, ಕುಮಟಾ, ಶಿರಸಿಯ ಮನೆಗಳಲ್ಲಿ ಇಂದು ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಕಾಯಬೇಕಿಲ್ಲ. ಮಕ್ಕಳು ಓದಿನಲ್ಲಿ ಮುಂದಿದ್ದರೆ ಎಂಬಿಬಿಎಸ್, ಅದು ಆಗದಿದ್ದರೆ ಉಳಿದದ್ದು. ಐವತ್ತು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಯಾರೂ ಇಷ್ಟು ಸಲೀಸಾಗಿ ಹೀಗೆ ಹೇಳುತ್ತಿರಲಿಲ್ಲ.

ಮೊದಲ ನೂರು ವರ್ಷ ವಕೀಲರದೇ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಮುಂಬೈ ಹೈಕೋರ್ಟ್ ಹುಟ್ಟಿದ್ದೂ ಅದೇ ವರ್ಷ. ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಟ್ಯಾಗೋರರ ಹೆಸರು ಬಂದದ್ದೂ ಜಿಲ್ಲಾ ನ್ಯಾಯಾಧೀಶರೊಬ್ಬರ ಮನೆಯ ನಂಟಿನಿಂದ. 1880ರ ದಶಕದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟ್ಯಾಗೋರರ ಮನೆಗೆ ತಮ್ಮ ರವೀಂದ್ರನಾಥರು ಬಂದು ತಂಗಿದ್ದರು. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಚಂದಾವರಕರ್ ವಕೀಲಿಯಿಂದಲೇ ಮೇಲೇರಿ, 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, ಬೆನ್ನಿಗೇ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು. ಕರಾವಳಿಯ ಓದುಬಲ್ಲ ಕುಟುಂಬಗಳಿಗೆ ಅದು ಕಣ್ಣೆದುರಿನ ದಾರಿ. ಸ್ವಾತಂತ್ರ್ಯ ಬಂದ ಮೇಲೂ ಅದು ಮಾಸಲಿಲ್ಲ. ಜಿಲ್ಲೆಯ ಮೊದಲ ಸಂಸದ ಜೋಕಿಂ ಆಳ್ವ ವಕೀಲರು. 1967ರಲ್ಲಿ ಗೆದ್ದ ದಿನಕರ ದೇಸಾಯಿಯವರು, ಸಿದ್ದಾಪುರದಿಂದ ಮುಖ್ಯಮಂತ್ರಿ ಪಟ್ಟದವರೆಗೆ ಹೋದ ರಾಮಕೃಷ್ಣ ಹೆಗಡೆಯವರು ಕಾನೂನು ಓದಿದವರು.

ಆ ಕಾಲದ ವೈದ್ಯರಿಗೆ ಈ ಎತ್ತರ ಇರಲಿಲ್ಲ. ದೊಡ್ಡ ಸರ್ಕಾರಿ ಹುದ್ದೆಗಳು ಬಹುಪಾಲು ಬಿಳಿಯರ ಕೈಯಲ್ಲಿದ್ದವು. ಪೇಟೆಯಲ್ಲಿ ಕುಳಿತವರಲ್ಲಿ ಅನೇಕರು ಪದವಿ ಇಲ್ಲದ, ಎಲ್.ಸಿ.ಪಿ.ಎಸ್. ಎಂಬ ಪರವಾನಗಿ ಪಡೆದ ಡಾಕ್ಟರುಗಳು. ಕಂಪೌಂಡರ್ ಕಲಸಿಕೊಟ್ಟ ಮಿಕ್ಸ್ಚರ್, ಬಾಟಲಿಯ ಮೈಗೆ ಡೋಸಿನ ಅಳತೆಗೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ. ಘಟ್ಟದ ಮೇಲೆ ಮಲೇರಿಯಾ ಎಷ್ಟಿತ್ತೆಂದರೆ ಸೂಪಾ, ಯಲ್ಲಾಪುರದ ಕಡೆಗೆ ವರ್ಗವಾದ ನೌಕರರು ಹೆದರುತ್ತಿದ್ದರು. ಹೆರಿಗೆ ಮನೆಯಲ್ಲಿ, ಮುರಿದ ಎಲುಬಿಗೆ ನಾಟಿ ಕಟ್ಟು, ಕಾಮಾಲೆಗೆ ಹಿತ್ತಲ ಮದ್ದು. ಡಾಕ್ಟರರ ಮೇಲೆ ಪ್ರೀತಿ ಇತ್ತು, ಆದರೆ ಊರಿನ ಪಂಚಾಯಿತಿಕೆಯಲ್ಲಿ ಎದ್ದು ನಿಂತು ಮಾತನಾಡುವವರು ವಕೀಲರು.

ಇವೆಲ್ಲವನ್ನೂ ತಲೆಕೆಳಗು ಮಾಡಿದ್ದು, ವಿಚಿತ್ರವೆಂದರೆ, ವಕೀಲರನ್ನು ಅತಿ ಎತ್ತರಕ್ಕೆ ಏರಿಸಿದ ಕಾನೂನೇ.

1974ರ ಮಾರ್ಚ್ 1ರಂದು, ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು, ಅಂದರೆ ಸರ್ಕಾರದ ಸ್ವತ್ತಾದವು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು, ಅಂದರೆ ಉಳುವವರೇ ಒಡೆಯರಾಗುವ ಹಕ್ಕು, ಪಡೆಯಬೇಕಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಜನ ಇದನ್ನು ಇಂದಿಗೂ 'ಡಿಕ್ಲರೇಶನ್' ಎಂದೇ ಕರೆಯುತ್ತಾರೆ. ಗೇಣಿಯ ಮೇಲೆಯೇ ನಿಂತಿದ್ದ ಈ ಜಿಲ್ಲೆಯಲ್ಲಿ ಅಂಕೋಲೆಯ ಗಜನಿ ಗದ್ದೆಯಿಂದ ಶಿರಸಿಯ ಅಡಿಕೆ ತೋಟದವರೆಗೆ ಅದು ಮುಟ್ಟದ ಊರಿಲ್ಲ.

ಕಾಯ್ದೆಯ 48ನೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ. ಉದ್ದೇಶ ಒಳ್ಳೆಯದೇ. ಅಕ್ಷರ ಬಾರದ ಗೇಣಿದಾರರ ಎದುರು ಒಡೆಯರ ಪರ ನುರಿತ ವಕೀಲರು ನಿಂತರೆ ನ್ಯಾಯ ಎಲ್ಲಿ ಎಂಬ ಯೋಚನೆ. ಆದರೆ ಒಳಗೆ ನಿಲ್ಲಲು ಬಿಡದಿದ್ದಾಗ ವಕೀಲರು ಹೊರಗೆ ಕುಳಿತರು. ಅವರ ಮನೆಯ ಜಗುಲಿಯೇ ಕಚೇರಿಯಾಯಿತು. ಗೋಡೆಗೆ ತಾಗಿಸಿದ ಉದ್ದ ಬೆಂಚು, ಒಂದು ಮೂಲೆಯಲ್ಲಿ ಗುಮಾಸ್ತರ ಬೆರಳಚ್ಚು ಯಂತ್ರ, ಕೆಂಪು ದಾರ ಸುತ್ತಿದ ಕಡತಗಳು. ಬೆಂಚಿನ ಮೇಲೆ ಕುಳಿತವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಾಗದಗಳು: ಪಹಣಿಯ ನಕಲು, ಗೇಣಿ ಅಕ್ಕಿ ಅಳೆದದ್ದಕ್ಕೆ ಎಂದೋ ಕೊಟ್ಟ ಚೀಟಿ, ಎಷ್ಟೋ ಸಲ ಚೀಟಿಯೂ ಇಲ್ಲದೆ ಬರೀ ನೆನಪು. ಜೊತೆಗೆ ವಕೀಲರ ಮನೆಗೆಂದು ತಂದ ಜೋನಿಬೆಲ್ಲದ ಡಬ್ಬಿ. ಪಹಣಿಯ ಯಾವ ಕಾಲಮ್ಮಿನಲ್ಲಿ ಹೆಸರಿದ್ದರೆ ಬದುಕು, ಎಲ್ಲಿ ಇಲ್ಲದಿದ್ದರೆ ಬೀದಿ ಎಂಬುದನ್ನು ಓದಿ ಹೇಳಬಲ್ಲವರು ಅಲ್ಲಿದ್ದರು. ಮಂಡಳಿಯ ಮುಂದೆ ಏನು ಹೇಳಬೇಕು, ಯಾವ ನೆರೆಯವರನ್ನು ಸಾಕ್ಷಿಗೆ ಕರೆಯಬೇಕು ಎಂದು ಕಲಿಸಿ ಕಳಿಸುತ್ತಿದ್ದರು. ಮಂಡಳಿಯ ಆದೇಶದ ಮೇಲೆ ಆರಂಭದಲ್ಲಿ ಮೇಲ್ಮನವಿ ಇರಲಿಲ್ಲ. ಬೆಂಗಳೂರಿನ ಹೈಕೋರ್ಟಿಗೆ ರಿಟ್ ಒಂದೇ ದಾರಿ. ರಾತ್ರಿ ಬಸ್ಸಿನಲ್ಲಿ ಹೋಗಿ ತಡೆಯಾಜ್ಞೆ ತಂದವರ ಹೆಸರು ಊರೂರು ಸುತ್ತುತ್ತಿತ್ತು.

1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ಸಲ್ಲದೆಂದಿತು. ವಕೀಲಿಯ ಹಕ್ಕು ಕೇಂದ್ರದ ಕಾನೂನಿನ ವಿಷಯ, ರಾಜ್ಯ ಅದಕ್ಕೆ ಅಡ್ಡ ಬರುವಂತಿಲ್ಲ ಎಂಬುದು ಕಾರಣ. ಬಾಗಿಲು ತೆರೆಯಿತು, ಆದರೆ ಅಷ್ಟರೊಳಗೆ ಎಷ್ಟೋ ಅರ್ಜಿಗಳು ಇತ್ಯರ್ಥವಾಗಿದ್ದವು, ಎಷ್ಟೋ ಸಂಬಂಧಗಳು ಹಳಸಿದ್ದವು. ಈ ಘಟ್ಟದಲ್ಲಿ ವಕೀಲರ ಮಾನಕ್ಕೆ ಬಿದ್ದ ಪೆಟ್ಟನ್ನು ಯಾರೂ ಸರಿಯಾಗಿ ಗುರುತಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಬ್ಬರ ಗೆಲುವು ಅದೇ ಕೇರಿಯ ಇನ್ನೊಬ್ಬರ ಸೋಲು. ಗೆದ್ದ ಗೇಣಿದಾರರ ಮನೆಯಲ್ಲಿ ದೇವರಂತಿದ್ದ ವಕೀಲರು, ಎರಡು ಎಕರೆಯನ್ನೇ ನಂಬಿದ್ದ ವಿಧವೆ ಒಡತಿಯ ಮನೆಯಲ್ಲಿ ಮನೆಮುರುಕರು. ಜ್ವರ ಇಳಿಸಿದ ಡಾಕ್ಟರರ ಮೇಲೆ ಮುನಿಸಿಕೊಳ್ಳಲು ಎದುರು ಪಕ್ಷವೇ ಇಲ್ಲ. ಜೊತೆಗೆ ವಿಳಂಬ. ಅಜ್ಜ ಹೂಡಿದ ದಾವೆಗೆ ಮೊಮ್ಮಗ ವಕಾಲತ್ತು ಹಾಕುವಂತಾದಾಗ ತಪ್ಪು ಪದ್ಧತಿಯದಾದರೂ ಜನರ ಕಣ್ಣಿಗೆ ಬೀಳುವುದು ಕರಿಕೋಟು ಮಾತ್ರ.

ಆಮೇಲೆ ಯೋಜನೆಗಳ ಸಾಲು. 1986ರಲ್ಲಿ ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು, ಅದೇ ದಶಕದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ, ಹಿಂದೆಯೇ ಕೊಂಕಣ ರೈಲ್ವೆ. ನಿಗದಿಯಾದ ಪರಿಹಾರ ಸಾಲದೆಂದು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಸಿವಿಲ್ ಕೋರ್ಟಿಗೆ ಹೋದವರ ಸರದಿ ವರ್ಷಗಟ್ಟಲೆ ಮುಗಿಯಲಿಲ್ಲ. ವಕೀಲರಿಗೆ ಕೆಲಸ ತುಂಬಿತ್ತು. ಕೆಲಸ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚಲಿಲ್ಲ.

ಇತ್ತ ವೈದ್ಯಕೀಯ ಮೇಲೇರಿದ್ದು ಬೇರೆ ಹಾದಿಯಲ್ಲಿ. 1953ರಲ್ಲಿ ಮಣಿಪಾಲದಲ್ಲಿ, 1957ರಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜು ಬಂದ ಮೇಲೆ ಮುಂಬೈಗೆ ಹೋಗಲಾರದ ಮಕ್ಕಳೂ ಡಾಕ್ಟರಾದರು. ತಾಲೂಕಿಗೊಂದು ನರ್ಸಿಂಗ್ ಹೋಂ, ಎಕ್ಸ್‌ರೇ, ಹೆರಿಗೆಗೆ ಆಸ್ಪತ್ರೆ. ನಂತರ ಸೀಟಿನ ಪೈಪೋಟಿ. ಡೊನೇಶನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾನೂನು ತಂದಿತು, 1994ರಿಂದ ಸಿಇಟಿ, ಈಗ ನೀಟ್. ಪ್ರತಿಷ್ಠೆಯ ಅಳತೆಗೋಲು ಬದಲಾದದ್ದು ಇಲ್ಲಿ. ಮೊದಲು ವೃತ್ತಿಯಲ್ಲಿ ಹೆಸರು ಮಾಡಿದ ಮೇಲೆ ಮಾನ ಬರುತ್ತಿತ್ತು. ಈಗ ಹದಿನೆಂಟನೇ ವಯಸ್ಸಿನ ಒಂದು ರ‍್ಯಾಂಕಿಗೇ ಊರಿಡೀ ಫ್ಲೆಕ್ಸ್ ಕಟ್ಟುತ್ತಾರೆ. ಆ ಮಕ್ಕಳು ಇನ್ನೂ ಒಬ್ಬ ರೋಗಿಯ ನಾಡಿ ಹಿಡಿದಿರುವುದಿಲ್ಲ. ಕಾನೂನು ಕಾಲೇಜಿನ ಪ್ರವೇಶಕ್ಕೆ ಅಂಥ ಜರಡಿ ಇಲ್ಲದ್ದರಿಂದ ಆ ಓದೇ ಸಸಾರ ಎಂಬ ಭಾವನೆ ಬೇರೂರಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಬಂದ ಮೇಲೆ ಅಲ್ಲಿಗೂ ಕಠಿಣ ಪರೀಕ್ಷೆ ಬಂದಿದೆ. ಆದರೆ ಅಲ್ಲಿ ಓದಿದವರು ಶಿರಸಿಯ ಸಿವಿಲ್ ಕೋರ್ಟಿಗೆ ಬರುವುದು ಅಪರೂಪ.

ಡಾಕ್ಟರಾದವರಾದರೂ ಬರುತ್ತಾರೆಯೇ? 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಬೀದಿಗಿಳಿಯಿತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟಾದರೆ, ಹೃದಯ ಕೈಕೊಟ್ಟರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಇಷ್ಟೊಂದು ಮನೆಗಳಲ್ಲಿ ಡಾಕ್ಟರ್ ಮಕ್ಕಳಿರುವ ಜಿಲ್ಲೆಯ ಸ್ಥಿತಿ ಇದು. ಉನ್ನತ ವ್ಯಾಸಂಗ ಮುಗಿಸಿದವರಿಗೆ ಇಲ್ಲಿ ಕೆಲಸ ಮಾಡಲು ಬೇಕಾದ ಉಪಕರಣ, ತಂಡ ಎರಡೂ ಇಲ್ಲ. ಅವು ಬರಲು ವೈದ್ಯರಿಲ್ಲ.

ನ್ಯಾಯಾಲಯದ ಕಡೆಯ ಕೊರತೆ ಇಷ್ಟು ಜೋರಾಗಿ ಕೇಳಿಸುವುದಿಲ್ಲ, ಅದೇ ನನ್ನ ಕಳವಳ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಆರಂಭವಾಗಿ ಬೆಂಗಳೂರಿನ ಓಡಾಟ ತಪ್ಪಿತು, 2013ರಲ್ಲಿ ಅದು ಕಾಯಂ ಆಯಿತು. ಆದರೆ ಕೆಳಹಂತದಲ್ಲಿ ಕಡತ ಗಟ್ಟಿಯಾಗದಿದ್ದರೆ ಮೇಲಿನ ಕೋರ್ಟು ಹತ್ತಿರ ಬಂದೂ ಪ್ರಯೋಜನವಿಲ್ಲ. ಬಹುಪಾಲು ಕಾಡೇ ಆಗಿರುವ ಈ ಜಿಲ್ಲೆಯಲ್ಲಿ ಅರಣ್ಯಭೂಮಿ ಸಾಗುವಳಿದಾರರ ಅರ್ಜಿಗಳನ್ನೇ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದಕ್ಕೆ ಪುರಾವೆ ಕೊಡಬೇಕು. ಅದಿಲ್ಲವೆಂದು ತಿರಸ್ಕೃತವಾದ ಅರ್ಜಿಗಳು ರಾಶಿ ಬಿದ್ದಿವೆ. ಹಳೆಯ ದಾಖಲೆ ಹುಡುಕಿ, ಹಿರಿಯರ ಹೇಳಿಕೆ ಬರೆದು, ನೆಲದ ಗುರುತುಗಳನ್ನು ನಕ್ಷೆಗೆ ಹೊಂದಿಸುವ ಕೆಲಸ 1974ರ ಜಗುಲಿಗಳಲ್ಲಿ ನಡೆದದ್ದೇ. ಅದಕ್ಕೆ ತಾಳ್ಮೆಯ, ಚುರುಕಾದ ಯುವ ವಕೀಲರು ಬೇಕು. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹಿರಿಯರಿಗೆ ಶಿಫಾರಸು ಮಾಡಿತು. ಅದು ಕಡ್ಡಾಯವಲ್ಲ. ಕಡ್ಡಾಯವಾಗುವವರೆಗೆ, ಮಗಳು ವಕೀಲಿ ಓದುತ್ತೇನೆಂದರೆ ತಂದೆತಾಯಿ ಹಿಂದೇಟು ಹಾಕುವುದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.